ಎರಡು ಉದ್ಯಾನಗಳ ನಡುವೆ ಒಬ್ಬ ಚಕ್ರವರ್ತಿ

ನಾನು ಸೇವೆಯಲ್ಲಿದ್ದಷ್ಟು ಕಾಲವೂ ಜಪಾನಿನ ಚರಿತ್ರೆಗೆ ತರಗತಿಯಲ್ಲಿ ದೊರೆಯುತ್ತಿದ್ದುದು ವರ್ಷಕ್ಕೆ ಎರಡು ಪೀರಿಯಡ್ಡುಗಳು ಮಾತ್ರ. ನಮ್ಮ ಪಾಠದ ಜಪಾನು 1868ರಲ್ಲಿ ಹುಟ್ಟಿ, 1905ರಲ್ಲಿ ರಷ್ಯಾವನ್ನು ಸೋಲಿಸಿ, 1945ರ ಹಿರೋಶಿಮಾದೊಂದಿಗೆ ಮುಗಿದುಹೋಗುತ್ತಿತ್ತು. ಅದಕ್ಕೂ ಹಿಂದಿನ ಶತಮಾನಗಳಿಗೆಲ್ಲ ಸೇರಿ ಒಂದೇ ವಾಕ್ಯ: ಚಕ್ರವರ್ತಿ ಹೆಸರಿಗೆ ಮಾತ್ರ ಇದ್ದ, ಆಳ್ವಿಕೆಯೆಲ್ಲ ಶೋಗನ್ ಎಂಬ ಸೇನಾಧಿಪತಿಯ ಕೈಯಲ್ಲಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, “ಹಾಗಾದರೆ ಅಷ್ಟು ವರ್ಷ ಆ ಚಕ್ರವರ್ತಿಗಳು ಕೂತು ಏನು ಮಾಡ್ತಿದ್ರು ಸಾರ್?” ಎಂದು ಕೇಳಿದ್ದ. ತರಗತಿಯೆಲ್ಲ ನಕ್ಕಿತು. ಪ್ರಶ್ನೆಯೇನೋ ನಗುವಂಥದ್ದಾಗಿರಲಿಲ್ಲ. ಆ ಹುಡುಗ ಈಗ ಇದನ್ನು ಓದುತ್ತಿದ್ದರೆ, ಇದು ಅವನಿಗಾಗಿಯೇ ಬರೆದದ್ದೆಂದು ತಿಳಿಯಲಿ.

ಒಸಾಕಾದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ನಾವಿಬ್ಬರೂ ನವೆಂಬರ್ ತಿಂಗಳಿನಲ್ಲಿ ಹೋಗಿದ್ದೆವು. ಅಲ್ಲಿಂದ ಕ್ಯೋಟೋ ನಗರಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ನವೆಂಬರಿನ ಕೊನೆಯ ವಾರಗಳಲ್ಲಿ ಆ ಊರಿನ ಮೇಪಲ್ ಮರಗಳು ಕುಂಕುಮದ ಬಣ್ಣಕ್ಕೂ, ಗಿಂಕೊ ಮರಗಳು ಅರಿಶಿನದ ಬಣ್ಣಕ್ಕೂ ತಿರುಗುತ್ತವೆ. ವಸಂತದಲ್ಲಿ ಹೂ ನೋಡಲು ಹೊರಡುವಂತೆಯೇ ಶರತ್ಕಾಲದಲ್ಲಿ ಎಲೆ ನೋಡಲು ಹೊರಡುವುದು ಜಪಾನೀಯರಲ್ಲಿ ಬಹಳ ಹಳೆಯ ವಾಡಿಕೆ. ಅದಕ್ಕೆ ಮೊಮಿಜಿಗಾರಿ ಎನ್ನುತ್ತಾರೆ. ಪದಶಃ ಹೇಳುವುದಾದರೆ ಮೇಪಲ್ ಎಲೆಯ ಬೇಟೆ. ಎಲೆಗಳ ಸೌಂದರ್ಯವನ್ನು ಕುರಿತು ಬರೆಯಬಲ್ಲವರು ಬೇರೆ ಅನೇಕರಿದ್ದಾರೆ. ನಾನು ಚರಿತ್ರೆಯ ಮೇಷ್ಟ್ರು. ನನ್ನ ಕಣ್ಣು ಎಲೆಯಿಂದ ಗೋಡೆಗೆ, ಗೋಡೆಯಿಂದ ಅದನ್ನು ಕಟ್ಟಿಸಿದವನಿಗೆ ಹೋಗಿಬಿಡುತ್ತದೆ.

ಮೊದಲು ನೋಡಿದ್ದು ನಿಜೋ ಕೋಟೆಯ ಅರಮನೆಯನ್ನು. 1603ರಲ್ಲಿ ಶೋಗನ್ ಪದವಿಗೇರಿದ ತೊಕುಗಾವಾ ಇಯೆಯಾಸು ಅದೇ ವರ್ಷ ಇದನ್ನು ಬಳಕೆಗೆ ತಂದನು. ಅವನ ರಾಜಧಾನಿ ದೂರದ ಎದೋ, ಅಂದರೆ ಇಂದಿನ ಟೋಕಿಯೋ. ಹಾಗಿದ್ದ ಮೇಲೆ ಕ್ಯೋಟೋದಲ್ಲೇಕೆ ಕೋಟೆ? ಚಕ್ರವರ್ತಿಯ ಅರಮನೆ ಇದ್ದದ್ದು ಕ್ಯೋಟೋದಲ್ಲಿ. ಅದರಿಂದ ಒಂದೆರಡು ಕಿಲೋಮೀಟರ್ ಅಂತರದಲ್ಲಿ ಕಂದಕ ತೋಡಿ, ಕಲ್ಲಿನ ಗೋಡೆ ಎಬ್ಬಿಸಿ, ಒಂದು ಮನೆ ಮಾಡಿಕೊಂಡರೆ ಸಾಕು. ಅಲ್ಲಿ ವಾಸವಿರಬೇಕಾದ ಅಗತ್ಯವೇ ಇಲ್ಲ. ಪಕ್ಕದಲ್ಲಿಯೇ ಇದ್ದೇನೆ ಎಂಬುದು ಪ್ರತಿ ಬೆಳಗ್ಗೆ ನೆನಪಾದರೆ ಆಯಿತು.

ನಿನೊಮಾರು ಎಂಬ ಇಲ್ಲಿನ ಮುಖ್ಯ ಅರಮನೆ ಮರದ್ದು. ಆರು ಕಟ್ಟಡಗಳು ಓರೆಯಾಗಿ ಒಂದರ ಹಿಂದೊಂದು ಜೋಡಿಸಿಕೊಂಡಿವೆ. ಚಪ್ಪಲಿ ಕಳಚಿ ಕಾಲುಚೀಲದಲ್ಲಿ ನಡೆಯಬೇಕು. ನಡೆದಂತೆ ಹಲಗೆಗಳು ಚಿಲಿಪಿಲಿಗುಟ್ಟುತ್ತವೆ. ಕಳ್ಳಹೆಜ್ಜೆಯಲ್ಲಿ ಬರುವ ಹಂತಕರನ್ನು ಹಿಡಿಯಲು ಬೇಕೆಂದೇ ಮಾಡಿದ ಯುಕ್ತಿ ಇದೆಂಬ ಕಥೆ ಜನಪ್ರಿಯ. ನೆಲದ ಕೆಳಗಿನ ಕಬ್ಬಿಣದ ಪಟ್ಟಿಗೆ ಮೊಳೆ ಉಜ್ಜಿ ಬರುವ ಶಬ್ದ ಅದು. ಕಾಲಕ್ರಮದಲ್ಲಿ ಮೊಳೆಗಳು ಸಡಿಲಗೊಂಡು ಉಂಟಾದದ್ದು ಎಂಬ ವಿವರಣೆಯೇ ನನಗೆ ಸಮಂಜಸವಾಗಿ ಕಂಡಿತು. ಆರು ವರ್ಷದ ಮೊಮ್ಮಗಳಿಗೆ ಮಾತ್ರ ಹಂತಕರ ಕಥೆಯೇ ಪ್ರಿಯವಾಯಿತು. ಅವಳು ತುದಿಗಾಲಿನಲ್ಲಿ ನಡೆದು ಪರೀಕ್ಷಿಸಿದಳು. ಹಲಗೆ ಅವಳ ತೂಕಕ್ಕೂ ಚಿಲಿಪಿಲಿ ಎಂದಿತು.

ಇಲ್ಲಿನ ಚಿತ್ರಗಳನ್ನು ನೋಡುವ ಕ್ರಮವೊಂದಿದೆ. ಹೊರಗಿನ ಕೋಣೆಗಳಲ್ಲಿ, ಅಂದರೆ ಕಾಯುತ್ತ ಕೂರಬೇಕಾದವರ ಕೋಣೆಗಳಲ್ಲಿ, ಚಿನ್ನದ ತಗಡಿನ ಹಿನ್ನೆಲೆಯ ಮೇಲೆ ಹುಲಿ ಚಿರತೆಗಳು. ಆ ಕಾಲದ ಜಪಾನಿನಲ್ಲಿ ಹುಲಿಯನ್ನು ಕಂಡವರಿರಲಿಲ್ಲ. ತೊಗಲು ನೋಡಿ, ಚೀನೀ ಚಿತ್ರ ನೋಡಿ ಬರೆದದ್ದು. ಚಿರತೆಯನ್ನು ಹೆಣ್ಣು ಹುಲಿಯೆಂದು ಭಾವಿಸಿದ್ದರು. ದೊಡ್ಡ ಸಭಾಂಗಣಕ್ಕೆ ಬಂದರೆ ಗೋಡೆಯಿಂದ ಗೋಡೆಗೆ ಕೈ ಚಾಚಿದ ದೇವದಾರುಗಳು. ಇನ್ನೂ ಒಳಗೆ, ಶೋಗನ್ನನ ಖಾಸಗಿ ಕೋಣೆಗಳಲ್ಲಿ, ಚಿನ್ನವೂ ಇಲ್ಲ, ಹುಲಿಯೂ ಇಲ್ಲ. ಮಸಿಯಲ್ಲಿ ಬಿಡಿಸಿದ ಬೆಟ್ಟ, ನೀರು, ಮಂಜು. ಗರ್ಜನೆಯೆಲ್ಲ ಹೊರಗಿನವರಿಗೆ, ಶಾಂತಿ ತನಗೆ! ಈ ಚಿತ್ರಗಾರರ ತಂಡದ ಮುಖಂಡ ಕಾನೋ ತಾನ್ಯೂ. 1626ರಲ್ಲಿ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲವೆಂಬುದನ್ನು ಚಿತ್ರಕಲೆ ಕಲಿಯುತ್ತಿರುವ ನನ್ನ ತಮ್ಮನ ಮಗನ ಗಮನಕ್ಕೆ ತರುತ್ತೇನೆ. ಇಂದು ಗೋಡೆಗಳ ಮೇಲೆ ಕಾಣುವವು ಬಹುಮಟ್ಟಿಗೆ ನಕಲುಗಳು. ಮೂಲಗಳನ್ನು ಕೋಟೆಯ ಆವರಣದಲ್ಲೇ ಬೇರೊಂದು ಕಟ್ಟಡದಲ್ಲಿ ಜೋಪಾನವಾಗಿಟ್ಟಿದ್ದಾರೆ.

1626 ಎಂದೆನಲ್ಲ, ಆ ವರ್ಷವೇ ನಮ್ಮ ಕಥೆಯ ಗಂಟು. ಆ ಶರತ್ಕಾಲದಲ್ಲಿ, ಇಂದಿನ ಲೆಕ್ಕದಲ್ಲಿ ಅಕ್ಟೋಬರ್ ಕೊನೆಯಲ್ಲಿ, ಚಕ್ರವರ್ತಿ ಗೋ-ಮಿಜುನೋ ತನ್ನ ಅರಮನೆಯಿಂದ ಹೊರಟು ನಿಜೋ ಕೋಟೆಗೆ ಅತಿಥಿಯಾಗಿ ಬಂದು ಐದು ದಿನ ಉಳಿದನು. ಶೋಗನ್ ಇಯೆಮಿತ್ಸು ಮತ್ತು ಪದವಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ ಅವನ ತಂದೆ ಹಿದೆತಾದಾ ಇಬ್ಬರೂ ಎದುರುಗೊಂಡರು. ಈ ಭೇಟಿಗಾಗಿಯೇ ಅರಮನೆಯನ್ನು ಹಿಗ್ಗಿಸಲಾಯಿತು, ಚಿತ್ರ ಬರೆಸಲಾಯಿತು, ಕೊಬೊರಿ ಎನ್‌ಶೂ ಎಂಬ ಪ್ರಸಿದ್ಧ ಉದ್ಯಾನತಜ್ಞನಿಂದ ತೋಟವನ್ನು ತಿದ್ದಿಸಲಾಯಿತು. ಕೊಳದ ದಕ್ಷಿಣಕ್ಕೆ ಚಕ್ರವರ್ತಿ ತಂಗಲೆಂದು ಹೊಸದೊಂದು ಅರಮನೆಯೇ ಎದ್ದಿತು. ಅತಿಥಿ ಹೋದ ಮೇಲೆ ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಿದರು.

ಆ ತೋಟದ ಅಂಚಿನಲ್ಲಿ ನಾವು ಬಹಳ ಹೊತ್ತು ನಿಂತಿದ್ದೆವು. ಕೊಳದ ನಡುವೆ ಮೂರು ದ್ವೀಪ; ಒಂದು ಅಮರರ ಬೆಟ್ಟದ ಸಂಕೇತ, ಅದರ ಆಚೀಚೆ ಕೊಕ್ಕರೆ ಮತ್ತು ಆಮೆ. ಸುತ್ತಲೂ ಕಲ್ಲು, ಕಲ್ಲು, ಕಲ್ಲು. ಈಚಲಿನ ಪುಟ್ಟ ನೆಂಟನಂತೆ ಕಾಣುವ ಸೈಕಾಡ್ ಗಿಡಗಳಿಗೆ ಚಳಿಗಾಲಕ್ಕೆಂದು ಒಣಹುಲ್ಲಿನ ಅಂಗಿ ತೊಡಿಸುವ ಪದ್ಧತಿಯಿದೆ. ಒಳಗೆ ಕೂತು ಮೂರು ದಿಕ್ಕಿನಿಂದ ನೋಡಿದರೂ ಸರಿಯಾಗಿ ಕಾಣಬೇಕೆಂದು ಎನ್‌ಶೂ ಈ ತೋಟವನ್ನು ಹೊಂದಿಸಿದ್ದ: ಸಭಾಂಗಣದಿಂದ, ಒಳಕೋಣೆಗಳಿಂದ, ಅತಿಥಿಯ ಅರಮನೆಯಿಂದ. ನನ್ನ ಮಡದಿ ಮಾತ್ರ, “ಚೆನ್ನಾಗಿದೆ, ಆದರೆ ಕಲ್ಲುಗಳೆಲ್ಲ ನಮ್ಮನ್ನೇ ನೋಡ್ತಾ ಇದ್ದ ಹಾಗಿದೆ” ಎಂದಳು. ನಿಜೋ ಕುರಿತು ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಸೂಕ್ಷ್ಮವಾಗಿರಲಿಲ್ಲ.

ಇಷ್ಟು ವೈಭವ ಪಡೆದ ಅತಿಥಿಯ ಸ್ಥಿತಿ ಏನಿತ್ತೆಂಬುದನ್ನು ಈಗ ನೋಡೋಣ. ಗೋ-ಮಿಜುನೋ ಹುಟ್ಟಿದ್ದು 1596ರಲ್ಲಿ, ಪಟ್ಟಕ್ಕೆ ಬಂದದ್ದು 1611ರಲ್ಲಿ. 1615ರಲ್ಲಿ ತೊಕುಗಾವಾ ಸರಕಾರ ಚಕ್ರವರ್ತಿಗೂ ಅವನ ಆಸ್ಥಾನಕ್ಕೂ ಹದಿನೇಳು ವಿಧಿಗಳ ಶಾಸನವೊಂದನ್ನು ಮಾಡಿತು. ಮೊದಲ ವಿಧಿಯ ತಾತ್ಪರ್ಯ ಇದು: ಚಕ್ರವರ್ತಿಯ ಕೆಲಸಗಳಲ್ಲಿ ಮೊದಲನೆಯದು ವಿದ್ಯಾವ್ಯಾಸಂಗ. ಎಷ್ಟು ಸೌಜನ್ಯದ ಬೀಗ ನೋಡಿ! ಓದಿಕೊಂಡಿರಿ, ಆಳುವ ಕಷ್ಟ ನಮಗಿರಲಿ. ಅನಂತರ ಹಿದೆತಾದಾ ತನ್ನ ಮಗಳು ಮಸಾಕೊಳನ್ನು ಚಕ್ರವರ್ತಿಗೆ ಮದುವೆ ಮಾಡಿಕೊಟ್ಟ. 1620ರಲ್ಲಿ ಆ ಹುಡುಗಿಯ ದಿಬ್ಬಣ ಹೊರಟಿದ್ದು ಇದೇ ನಿಜೋ ಕೋಟೆಯಿಂದ. ಆಗ ಅವಳಿಗೆ ಹನ್ನೆರಡರ ವಯಸ್ಸು. ಮದುವೆಗೆ ಮುನ್ನ ಚಕ್ರವರ್ತಿಗೆ ಆಸ್ಥಾನದ ಸ್ತ್ರೀಯೊಬ್ಬಳಲ್ಲಿ ಇಬ್ಬರು ಮಕ್ಕಳಿದ್ದ ಸಂಗತಿ ತಿಳಿದು ಎದೋ ಕೋಪಗೊಂಡಿತ್ತು. ಆಸ್ಥಾನದ ಹಲವರಿಗೆ ಶಿಕ್ಷೆಯಾಯಿತು. ಆ ಇಬ್ಬರಲ್ಲಿ ಒಬ್ಬಳು ಹೆಣ್ಣುಮಗು, 1619ರಲ್ಲಿ ಹುಟ್ಟಿದವಳು. ಅವಳು ಮತ್ತೆ ಬರುತ್ತಾಳೆ.

ನಿಜೋ ಭೇಟಿಯ ಮರುವರ್ಷ, 1627ರಲ್ಲಿ, ನೇರಳೆ ನಿಲುವಂಗಿಯ ಪ್ರಕರಣ ತಲೆಯೆತ್ತಿತು. ಶ್ರೇಷ್ಠ ಬೌದ್ಧ ಗುರುಗಳಿಗೆ ನೇರಳೆ ಬಣ್ಣದ ನಿಲುವಂಗಿ ನೀಡುವುದು ಚಕ್ರವರ್ತಿಯ ಪ್ರಾಚೀನ ಹಕ್ಕು. ಎದೋದ ಒಪ್ಪಿಗೆಯಿಲ್ಲದೆ ನೀಡಿದ ನಿಲುವಂಗಿಗಳು ಅಸಿಂಧುವೆಂದು ಸರಕಾರ ಸಾರಿತು. ಪ್ರತಿಭಟಿಸಿದ ಜೆನ್ ಗುರು ತಾಕುಆನ್ ಮತ್ತಿತರರನ್ನು 1629ರಲ್ಲಿ ಉತ್ತರದ ದೂರದ ಪ್ರಾಂತಗಳಿಗೆ ಗಡೀಪಾರು ಮಾಡಿತು. ಚಕ್ರವರ್ತಿಯ ಮಾತಿಗೆ ಒಂದು ಬಟ್ಟೆಯಷ್ಟೂ ಬೆಲೆಯಿಲ್ಲವೆಂದು ಊರಿಗೆಲ್ಲ ಗೊತ್ತಾಯಿತು. ಮಸಾಕೊಳಲ್ಲಿ ಹುಟ್ಟಿದ ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. 1629ರ ಡಿಸೆಂಬರಿನಲ್ಲಿ ಗೋ-ಮಿಜುನೋ ಎದೋಗೆ ಹೇಳದೆ ಕೇಳದೆ ಸಿಂಹಾಸನ ತ್ಯಜಿಸಿದ. ಪಟ್ಟಕ್ಕೆ ತನ್ನ ಮತ್ತು ಮಸಾಕೊಳ ಮಗಳನ್ನು ತಂದ. ಮೇಶೋ ಎಂಬ ಹೆಸರಿನಿಂದ ಚರಿತ್ರೆಯಲ್ಲಿ ಉಳಿದಿರುವ ಆ ಮಗುವಿಗೆ ಆರು ವರ್ಷ ತುಂಬಲು ಇನ್ನೂ ಕೆಲವು ದಿನಗಳಿದ್ದವು. ಎಂಟನೆಯ ಶತಮಾನದ ನಂತರ ಜಪಾನಿನ ಸಿಂಹಾಸನವೇರಿದ ಮೊದಲ ಹೆಣ್ಣು ಅವಳು.

ಇದನ್ನು ಧೀರ ಪ್ರತಿಭಟನೆಯೆಂದು ಬರೆಯುವವರಿದ್ದಾರೆ. ನಾನೂ ಬಹುಪಾಲು ಒಪ್ಪುತ್ತೇನೆ. ಸೈನ್ಯವಿಲ್ಲದವನ ಬಳಿ ಇದ್ದ ಒಂದೇ ಆಯುಧ ರಾಜೀನಾಮೆ, ಅದನ್ನು ಅವನು ಬಳಸಿದ. ಆದರೆ ಚಿಲಿಪಿಲಿ ಹಲಗೆಯ ಮೇಲೆ ತುದಿಗಾಲಿನಲ್ಲಿ ನಡೆಯುತ್ತಿದ್ದ ಮೊಮ್ಮಗಳನ್ನು ನೋಡುವಾಗ, ಆ ಆಯುಧದ ಹಿಡಿ ಯಾರ ಕೈಯಲ್ಲಿತ್ತು, ಅಲಗು ಯಾರಿಗೆ ತಾಗಿತು ಎಂದು ಯೋಚಿಸದಿರಲಾಗಲಿಲ್ಲ. ಮೇಶೋ ಹದಿನಾಲ್ಕು ವರ್ಷ ಪಟ್ಟದಲ್ಲಿದ್ದಳು. ಆಮೇಲೆ ಅದನ್ನು ಮಲತಮ್ಮನಿಗೆ ಬಿಟ್ಟುಕೊಟ್ಟಳು. ಅವಳಿಗೆ ಮದುವೆಯಾಗಲಿಲ್ಲ. 1696ರವರೆಗೆ ಬದುಕಿದ್ದಳು. ತಂದೆಯ ಕುರಿತು ಗ್ರಂಥಗಳಿವೆ. ಮಗಳ ಕುರಿತು ಹೆಚ್ಚಿನ ಪುಸ್ತಕಗಳಲ್ಲಿ ಎರಡು ಸಾಲು.

ನಿಜೋ ಕೋಟೆಯ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1634ರ ನಂತರ ಎರಡು ಶತಮಾನಕ್ಕೂ ಮಿಕ್ಕಿ ಯಾವ ಶೋಗನ್ನನೂ ಅಲ್ಲಿಗೆ ಬರಲಿಲ್ಲ. 1750ರಲ್ಲಿ ಸಿಡಿಲು ಬಡಿದು ಗೋಪುರ ಸುಟ್ಟಿತು. ಗೋ-ಮಿಜುನೋ ತನ್ನ ಭೇಟಿಯಲ್ಲಿ ಹತ್ತಿ ಊರನ್ನು ನೋಡಿದ್ದ ಗೋಪುರ ಅದು. 1788ರ ಮಹಾ ಅಗ್ನಿಯಲ್ಲಿ ಒಳಕೋಟೆಯ ಅರಮನೆ ಹೋಯಿತು. ಕೊನೆಗೆ 1867ರ ನವೆಂಬರಿನಲ್ಲಿ, ಅದೂ ಶರತ್ಕಾಲವೇ, ಕೊನೆಯ ಶೋಗನ್ ಯೊಶಿನೊಬು ಸಾಮಂತರ ಪ್ರತಿನಿಧಿಗಳನ್ನು ನಿನೊಮಾರು ಅರಮನೆಗೆ ಕರೆಸಿ, ಆಳ್ವಿಕೆಯನ್ನು ಚಕ್ರವರ್ತಿಗೆ ಮರಳಿ ಒಪ್ಪಿಸುವ ನಿರ್ಧಾರವನ್ನು ತಿಳಿಸಿದ. ಆಗಿನ ಚಕ್ರವರ್ತಿ ಮೇಜಿ ಹದಿನೈದರ ಹುಡುಗ. 1884ರಲ್ಲಿ ಕೋಟೆ ಚಕ್ರವರ್ತಿ ಮನೆತನದ ಸ್ವತ್ತಾಯಿತು. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿದ್ದಾಗ ಅದು ರಾಜಮನೆತನದ ಖಾಸಗಿ ಅರಮನೆ; 1939ರಲ್ಲಷ್ಟೇ ಕ್ಯೋಟೋ ನಗರಕ್ಕೆ ಕೊಡಲಾಯಿತು. ನಿನೊಮಾರುವಿನ ಮುಂದಿನ ಕೆತ್ತನೆಯ ಹೆಬ್ಬಾಗಿಲಿನಲ್ಲಿ ಚಕ್ರವರ್ತಿಯ ಸೇವಂತಿಗೆಯ ಲಾಂಛನಗಳಿವೆಯಷ್ಟೆ. ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರಕ್ಕೆಂದು ಅವನ್ನು ಬಿಚ್ಚಿದಾಗ ಅಡಿಯಲ್ಲಿ ತೊಕುಗಾವಾ ಮನೆತನದ ಮೂರೆಲೆಯ ಲಾಂಛನ ಸಿಕ್ಕಿತು. ಕಿತ್ತೆಸೆಯದೆ ಮೇಲೆಯೇ ಹೊದಿಸಿದ್ದರು.

ಎರಡನೆಯ ಉದ್ಯಾನಕ್ಕೆ ಮೊಮ್ಮಗಳನ್ನು ಕರೆದೊಯ್ಯುವಂತಿರಲಿಲ್ಲ. ಅಲ್ಲಿ ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ಮಗಳು ಮುಂಚಿತವಾಗಿ ಅನುಮತಿ ಪಡೆದಿಟ್ಟಿದ್ದಳು. ನಗರದ ಈಶಾನ್ಯಕ್ಕೆ, ಹಿಯೇ ಪರ್ವತದ ಬುಡದಲ್ಲಿ, ಶುಗಾಕುಯಿನ್ ಎಂಬ ಊರಿದೆ. ಅಲ್ಲಿ 1655ರಿಂದ 1659ರ ವರೆಗೆ, ತನ್ನ ಅರವತ್ತರ ಆಸುಪಾಸಿನಲ್ಲಿ, ನಿವೃತ್ತ ಚಕ್ರವರ್ತಿ ಗೋ-ಮಿಜುನೋ ತನಗೆಂದು ಒಂದು ವಿಹಾರಧಾಮವನ್ನು ರೂಪಿಸಿಕೊಂಡ. ನಿವೃತ್ತಿಯ ನಂತರದ ಆ ವರ್ಷಗಳಲ್ಲಿ ಅವನು ಕೈಕಟ್ಟಿ ಕೂತಿರಲಿಲ್ಲ. ಕವಿತೆ, ಚಹಾಕೂಟ, ಹೂಜೋಡಣೆಯ ಗೋಷ್ಠಿ. ಇಕೆನೊಬೊ ಸೆಂಕೊ ಎಂಬ ಹೂಜೋಡಣೆಯ ಆಚಾರ್ಯನಿಗೆ ಅವನ ಆಸ್ಥಾನವೇ ಆಸರೆ. ಒಬ್ಬ ಮಗಳ ನಂತರ ಮೂವರು ಗಂಡುಮಕ್ಕಳೂ ಪಟ್ಟವೇರಿದ್ದನ್ನು ಕಂಡ. ಪಟ್ಟದಲ್ಲಿರುವ ಚಕ್ರವರ್ತಿ ಅರಮನೆಯ ಗೋಡೆ ದಾಟಿ ವಿಹಾರಕ್ಕೆ ಹೋಗುವುದು ಆ ಕಾಲದಿಂದ 1863ರ ವರೆಗೆ ಬಹುಮಟ್ಟಿಗೆ ನಿಂತೇಹೋಗಿತ್ತು. ಪಟ್ಟ ಬಿಟ್ಟವನಿಗೆ ಮಾತ್ರ ಬೆಟ್ಟ ಹತ್ತುವ ಭಾಗ್ಯ.

ಮಾರ್ಗದರ್ಶಿಯೊಬ್ಬರು ಮುಂದೆ, ಕಾವಲಿನವರೊಬ್ಬರು ಹಿಂದೆ, ನಡುವೆ ನಾವು. ಸುಮಾರು ಮೂರು ಕಿಲೋಮೀಟರ್ ನಡಿಗೆ. ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಉದ್ಯಾನಗಳು. ಅವುಗಳ ನಡುವೆ, ನಿಮಗೆ ಆಶ್ಚರ್ಯವಾದೀತು, ಗದ್ದೆಗಳು! ನಿಜವಾದ ಮೆಟ್ಟಿಲುಗದ್ದೆಗಳು, ಊರಿನ ರೈತರು ಉಳುವಂಥವು. ಕೊಯ್ಲು ಮುಗಿದು ಭತ್ತದ ಕೂಳೆ ನಿಂತಿತ್ತು. 1964ರಲ್ಲಿ ಸರಕಾರ ಈ ಭೂಮಿಯನ್ನು ಕೊಂಡು, ಸುತ್ತಲೂ ಮನೆಗಳೇಳದಂತೆ ತಡೆದು, ಬೇಸಾಯವನ್ನು ಮೊದಲಿನಂತೆಯೇ ಊರಿನವರಿಗೆ ಬಿಟ್ಟಿದೆ. ಗದ್ದೆಯನ್ನು ನೋಡಿದ ಮೇಲೆ ನನ್ನ ಮಡದಿಗೆ ನಿಜೋದಲ್ಲಿ ಕಳೆದುಹೋಗಿದ್ದ ಲವಲವಿಕೆ ಮರಳಿತು.

ಮೇಲಿನ ಉದ್ಯಾನಕ್ಕೆ ಹೋಗುವ ಮೆಟ್ಟಿಲುಗಳ ಎರಡು ಬದಿಯಲ್ಲೂ ಆಳೆತ್ತರಕ್ಕೆ ಬೇಲಿಗಿಡ ಬೆಳೆಸಿದ್ದಾರೆ. ಏನೂ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ. ಮೆಟ್ಟಿಲು ಮುಗಿದು ತಿರುಗಿದರೆ ರಿನ್‌ಉನ್‌ತೇ, ಅಂದರೆ ಮೋಡಗಳ ನೆರೆಮನೆ ಎಂಬ ಅರ್ಥದ ಮಂಟಪ. ಕಾಲಡಿಯಲ್ಲಿ ದೊಡ್ಡ ಕೆರೆ, ಅದರಲ್ಲಿ ದ್ವೀಪಗಳು, ಆಚೆಗೆ ಬೆಟ್ಟದ ಹಿಂದೆ ಬೆಟ್ಟ, ಎಡಕ್ಕೆ ಕೆಳಗೆ ಇಡೀ ಕ್ಯೋಟೋ ನಗರ. ಕೆರೆಯ ದಡದ ಮೇಪಲ್‌ಗಳು ನೀರಿನಲ್ಲಿಯೂ ಉರಿಯುತ್ತಿದ್ದವು. ಮಂಟಪದೊಳಗೆ ಒಂದು ಚಿತ್ರವಿಲ್ಲ, ಚಿನ್ನವಿಲ್ಲ, ಬರಿಯ ಚಾಪೆ. ಮೂಲದ ಮಂಟಪ 1677ರಲ್ಲಿ ಸುಟ್ಟು, ಈಗಿರುವುದು 1824ರಲ್ಲಿ ಮರಳಿ ಕಟ್ಟಿದ್ದು. ಸೂರಿನ ಕೆಳಗಿನ ಗಾರೆನೆಲದಲ್ಲಿ ಮಾತ್ರ ಒಂದು ಅಲಂಕಾರವಿದೆ: ಕೆಂಪು ಮತ್ತು ಕಪ್ಪು ಹರಳುಕಲ್ಲುಗಳನ್ನು ಇಲ್ಲೊಂದು, ಅಲ್ಲೆರಡು, ಮತ್ತೊಂದೆಡೆ ಮೂರು ಎಂದು ಕೂರಿಸಿದ್ದಾರೆ. ಮಗುವೊಂದು ಆಟವಾಡಿ ಬಿಟ್ಟುಹೋದಂತಿದೆ. ಹೆಸರೂ ಒಂದು-ಎರಡು-ಮೂರು ಕಲ್ಲು ಎಂದೇ.

ಆ ಕೆರೆ ಪ್ರಕೃತಿ ಕೊಟ್ಟದ್ದಲ್ಲ. ಬೆಟ್ಟದ ತೊರೆಗೆ ಅಡ್ಡಲಾಗಿ ಸುಮಾರು 200 ಮೀಟರ್ ಉದ್ದದ ಏರಿ ಹಾಕಿ ನಿಲ್ಲಿಸಿದ ನೀರು. ಹಳ್ಳಿಗಾಡಿನ ನಮಗೆ ಕೆರೆಯ ಏರಿ ಹೊಸತೇನಲ್ಲ. ಆದರೆ ಇಲ್ಲಿ ಏರಿ ಕಾಣುವುದೇ ಇಲ್ಲ. ಹಂತಹಂತವಾಗಿ ಕಟ್ಟಿದ ಕಲ್ಲುಗೋಡೆಯನ್ನು ಪೂರ್ತಿಯಾಗಿ ಹತ್ತಾರು ಜಾತಿಯ ಗಿಡಗಳಿಂದ ಮುಚ್ಚಿ, ಒಂದೇ ಹಸಿರು ಅಲೆಯಂತೆ ಕತ್ತರಿಸಿ ನಿಲ್ಲಿಸಿದ್ದಾರೆ. ನಿಜೋದಲ್ಲಿ ಕಲ್ಲನ್ನು ತೋರಿಸಲು ಎಷ್ಟು ಶ್ರಮವೋ, ಇಲ್ಲಿ ಕಲ್ಲನ್ನು ಮರೆಸಲು ಅಷ್ಟು ಶ್ರಮ. ನಿಂತ ಜಾಗದಿಂದ ನಿಜೋ ಕೋಟೆ ಎಲ್ಲಿರಬಹುದೆಂದು ನಾನು ಮಾರ್ಗದರ್ಶಿಯವರನ್ನು ಕೇಳಿದೆ. ಅವರು ನಗರದ ನಡುವೆ ಎಲ್ಲೋ ಬೆರಳು ತೋರಿಸಿದರು. ಮಂಜಿನಲ್ಲಿ ಏನೂ ಕಾಣಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಬಹಳ ಚೆಂದವಾಗುತ್ತದೆ: ದರ್ಪದ ಅರಮನೆ ಒಂದೆಡೆ, ಸ್ವತಂತ್ರ ಚೇತನದ ಉದ್ಯಾನ ಇನ್ನೊಂದೆಡೆ. ಆದರೆ ಶುಗಾಕುಯಿನ್ ನಿರ್ಮಾಣಕ್ಕೆ ಹಣ ಬಂದದ್ದು ಎದೋ ಸರಕಾರದಿಂದ. ಜಗಳವಾಡಿ ಪಟ್ಟ ಬಿಟ್ಟ ಅಳಿಯನಿಗೂ ತವರಿಗೂ ನಡುವೆ ನಿಂತು, ಇಬ್ಬರ ಮುಖವೂ ಉಳಿಯುವಂತೆ ನಡೆಸಿಕೊಂಡು ಬಂದವಳು ಆ ಮಸಾಕೊ. ಹನ್ನೆರಡರಲ್ಲಿ ನಿಜೋದಿಂದ ದಿಬ್ಬಣ ಹೊರಟವಳು 1678ರಲ್ಲಿ ಸಾಯುವವರೆಗೂ ಮಾಡಿದ ಕೆಲಸ ಅದೇ. ಮತ್ತೊಂದು ದೃಷ್ಟಿಯಿಂದ ನೋಡಿದರೆ, 1615ರ ಶಾಸನ ಬಯಸಿದ್ದನ್ನೇ ಚಕ್ರವರ್ತಿ ಮಾಡಿದಂತಾಯಿತಲ್ಲ? ವಿದ್ಯೆ, ಕವಿತೆ, ತೋಟ. ಹಾಗಾದರೆ ಗೆದ್ದವರು ಯಾರು? ನನ್ನ ಅಭಿಪ್ರಾಯ ಕೇಳುವುದಾದರೆ, ಬೀಗ ಹಾಕಿದವರು ಕೋಣೆಯನ್ನು ಇಕ್ಕಟ್ಟಾದದ್ದೆಂದು ತಿಳಿದಿದ್ದರು, ಒಳಗಿದ್ದವನು ಅದನ್ನು ಬೆಟ್ಟದವರೆಗೆ ಹಿಗ್ಗಿಸಿದ. ಆದರೆ ಇದನ್ನು ಒಪ್ಪದವರ ವಾದವೂ ಹಗುರವಾದದ್ದಲ್ಲ.

1619ರ ಆ ಹೆಣ್ಣುಮಗು ಮತ್ತೆ ಬರುತ್ತಾಳೆ ಎಂದಿದ್ದೆ. ಅವಳು ಬೆಳೆದು ಸಂನ್ಯಾಸಿನಿಯಾಗಿ, ಬುಂಚಿ ಎಂಬ ಹೆಸರು ಪಡೆದು, 1641ರಲ್ಲಿ ಶುಗಾಕುಯಿನ್‌ನಲ್ಲಿಯೇ ಒಂದು ಪುಟ್ಟ ಮಠ ಕಟ್ಟಿಕೊಂಡಿದ್ದಳು. ಮಗಳನ್ನು ನೋಡಲು ಬಂದ ತಂದೆಗೆ ಆ ಜಾಗ ಹಿಡಿಸಿತು. ಅವನ ಉದ್ಯಾನದ ಕೆಲಸ ಸಾಗುತ್ತಿದ್ದಾಗಲೇ, 1656ರಲ್ಲಿ, ಅವಳು ಮಠವನ್ನು ನಾರಾ ಪ್ರಾಂತಕ್ಕೆ ಸ್ಥಳಾಂತರಿಸಿದಳು. ಅಲ್ಲಿ ಅದು ಎನ್‌ಶೋಜಿ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ನಡುವಿನ ಉದ್ಯಾನ ಇನ್ನೊಬ್ಬ ಮಗಳದ್ದು. ತಂದೆ ತೀರಿದ ಮೇಲೆ ಅವಳೂ ಸಂನ್ಯಾಸ ಸ್ವೀಕರಿಸಿದಳು. ಮಸಾಕೊಳ ಅರಮನೆಯಿಂದ ಬಿಚ್ಚಿ ತಂದ ಅತಿಥಿಗೃಹ ಅಲ್ಲಿದೆ. ಮಂಜಿನ ಎಳೆಗಳು ತೇಲುವಂತೆ ಮೇಲೆ ಕೆಳಗೆ ಜೋಡಿಸಿದ ಐದು ಹಲಗೆಗಳ ಕಪಾಟು ಬಲು ಪ್ರಸಿದ್ಧ. ಪಕ್ಕದ ದೇವದಾರು ಬಾಗಿಲುಗಳ ಮೇಲೆ ಮೀನಿನ ಚಿತ್ರಗಳು, ಆ ಮೀನುಗಳ ಮೇಲೆ ಬಲೆಯ ಚಿತ್ರ. ರಾತ್ರಿ ಹೊತ್ತು ಮೀನುಗಳು ಬಾಗಿಲಿನಿಂದ ಇಳಿದು ಕೊಳಕ್ಕೆ ಹೋಗುತ್ತಿದ್ದವೆಂದೂ, ಅದಕ್ಕಾಗಿ ಮುಂದೆ ಚಿತ್ರಕಾರ ಮಾರುಯಾಮಾ ಓಕ್ಯೋ ಬಂದು ಬಲೆ ಬರೆದನೆಂದೂ ಐತಿಹ್ಯ. ಬಲೆಯ ಎಳೆ ಅಲ್ಲಲ್ಲಿ ಹರಿದಂತೆಯೂ ಬರೆದಿದ್ದಾರೆ. ನನ್ನ ಮಡದಿ ಇಡೀ ಶುಗಾಕುಯಿನ್‌ನಲ್ಲಿ ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆ.

ಗೋ-ಮಿಜುನೋ 1680ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡ. ಅವನನ್ನು ಪಟ್ಟಕ್ಕೆ ತಂದ, ಬೆದರಿಸಿದ, ಹೆಣ್ಣು ಕೊಟ್ಟ ಶೋಗನ್ನರೆಲ್ಲ ಅದಕ್ಕೂ ಎಷ್ಟೋ ಮೊದಲೇ ಹೋಗಿದ್ದರು.

ಹೋಗಬಯಸುವ ಬಂಧುಗಳಿಗೆ ಒಂದೆರಡು ಮಾತು. ಶುಗಾಕುಯಿನ್ ನೋಡಲು ಶುಲ್ಕವಿಲ್ಲ. ಆದರೆ ಚಕ್ರವರ್ತಿ ಮನೆತನದ ಕಾರ್ಯಾಲಯದಿಂದ ಮೊದಲೇ ಅನುಮತಿ ಪಡೆಯಬೇಕು, ಎಲೆಗಳ ಕಾಲದಲ್ಲಿ ಅದು ಬೇಗ ತುಂಬಿಹೋಗುತ್ತದೆ. ಗುರುತಿಗೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ಹಾದಿಯಲ್ಲಿ ಜಲ್ಲಿಕಲ್ಲು, ಏರು, ಮೆಟ್ಟಿಲು. ಮೊಣಕಾಲಿನ ತೊಂದರೆಯಿರುವವರು ಕೋಲು ಒಯ್ಯುವುದು ಒಳ್ಳೆಯದು. ಸಾಧ್ಯವಾದರೆ ಮೊದಲು ನಿಜೋ ನೋಡಿ, ಆಮೇಲೆ ಇಲ್ಲಿಗೆ ಬನ್ನಿ. ಮಕ್ಕಳಿದ್ದರೆ ಒಬ್ಬರು ಅವರೊಂದಿಗೆ ಕೆಳಗೆ ಉಳಿಯಬೇಕಾಗುತ್ತದೆ. ನಮ್ಮಲ್ಲಿ ಅಳಿಯಂದಿರು ಉಳಿದರು, ಮೊಮ್ಮಗಳು ನಾವು ಬರುವಷ್ಟರಲ್ಲಿ ಒಂದು ಚೀಲ ತುಂಬ ಕೆಂಪೆಲೆ ಆರಿಸಿಟ್ಟಿದ್ದಳು.